ಪದಕದ ಬೆನ್ನು ಓದಿ: ಮೇಸನಿಕ್ ಲಾಡ್ಜಿನ ನೆನಪಿನ ವಸ್ತುಗಳು

ಮೇಸನಿಕ್ ಪದಕ, ಅಂದರೆ ಫ್ರೀಮೇಸನ್ನರ ಸೋದರ ಸಂಘದ ಒಂದು ಲಾಡ್ಜ್ (ಸ್ಥಳೀಯ ಶಾಖೆ) ತನ್ನ ಸದಸ್ಯರಿಗೆ ಕೊಡುವ ಪದಕ, ಕೈಗೆ ಬಂದರೆ ಎಲ್ಲರೂ ಅದರ ಮುಖ ನೋಡುತ್ತಾರೆ. ಮೂಲೆಮಟ್ಟ, ಕೈವಾರ, ಒಮ್ಮೊಮ್ಮೆ ಸೂರ್ಯ, ಒಮ್ಮೊಮ್ಮೆ ಕಣ್ಣು. ಕಣ್ಣು ಕಂಡಿತೆಂದರೆ ಗುಪ್ತ ಸಂಘ, ಗುಪ್ತ ಸಂಪತ್ತು ಎಂಬ ಹರಟೆ ಶುರುವಾಗುತ್ತದೆ. ತಿರುಗಿಸಿ ಬೆನ್ನು ನೋಡುವವರು ಕಡಿಮೆ. ಹೇಳಬೇಕಾದದ್ದೆಲ್ಲ ಇರುವುದು ಬೆನ್ನಿನಲ್ಲೇ: ಯಾರಿಗೆ ಕೊಟ್ಟರು, ಯಾವ ಲಾಡ್ಜ್ ಕೊಟ್ಟಿತು, ಅದರ ನಂಬರೇನು, ಯಾವ ವರ್ಷ, ಯಾವ ಕೆಲಸಕ್ಕೆ. ಈ ಐದೂ ಇದ್ದರೆ ಅದು ದಾಖಲೆ. ಐದೂ ಇಲ್ಲದಿದ್ದರೆ ಪತ್ತಾರರ ತಕ್ಕಡಿಯಲ್ಲಿ ಗ್ರಾಂ ಲೆಕ್ಕಕ್ಕೆ ಹೋಗುವ ಬೆಳ್ಳಿ ಅಷ್ಟೇ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಹಳೆಯ ಮನೆಗಳಲ್ಲಿ ಇಂಥ ವಸ್ತು ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿ ಧಾರವಾಡದಲ್ಲಿತ್ತು, ಕಾರ್ಯಾಗಾರ ಹುಬ್ಬಳ್ಳಿಯಲ್ಲಿತ್ತು. ರೈಲ್ವೆ ಅಧಿಕಾರಿಗಳು, ಸೈನ್ಯದವರು, ವಕೀಲರು, ವೈದ್ಯರು — ಆ ಕಾಲದಲ್ಲಿ ಭಾರತದ ಲಾಡ್ಜುಗಳಿಗೆ ಸೇರುತ್ತಿದ್ದವರಲ್ಲಿ ಇವರದೇ ದೊಡ್ಡ ಪಾಲು. ಈ ಪ್ರದೇಶ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮುಂಬಯಿ ಕಡೆ ಇಂಗ್ಲೆಂಡಿನ ಲಾಡ್ಜುಗಳ ಜೊತೆಗೆ ಸ್ಕಾಟ್ಲೆಂಡಿನವೂ ಬಲವಾಗಿದ್ದವು. ಹಾಗಾಗಿ ನಮ್ಮ ಕಡೆಯ ಹಳೆ ಪೆಟ್ಟಿಗೆಗಳಿಂದ ಎರಡೂ ಪದ್ಧತಿಯ ವಸ್ತು ಹೊರಬರಬಹುದು. ಎರಡನ್ನೂ ಒಂದೇ ಎಂದುಕೊಂಡರೆ ಓದು ತಪ್ಪುತ್ತದೆ.

ಲಾಡ್ಜಿನಲ್ಲಿ ನಡೆಯುವುದೇನು

ವಸ್ತು ಅರ್ಥವಾಗಬೇಕಾದರೆ ಸದಸ್ಯರು ವರ್ಷವಿಡೀ ಮಾಡುವ ಕೆಲಸ ಗೊತ್ತಿರಬೇಕು. ಫ್ರೀಮೇಸನ್‌ಗಿರಿ ಮಧ್ಯಯುಗದ ಗೌಂಡಿಗಳ ಉಪಕರಣಗಳನ್ನು ನಡತೆಯ ಸಂಕೇತಗಳಾಗಿ ಇಟ್ಟುಕೊಂಡ ಸೋದರ ಸಂಘ. ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್ (ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ) ಕಟ್ಟಿದ್ದು 1717ರ ಜೂನ್ 24ರಂದು ಎಂಬುದು ಸಂಘದ ಪರಂಪರೆಯ ಎಣಿಕೆ. ಈಗಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಆಫ್ ಇಂಗ್ಲೆಂಡ್ ರೂಪುಗೊಂಡದ್ದು 1813ರಲ್ಲಿ. ಭಾರತಕ್ಕೆ ಸ್ವಂತ ಗ್ರ್ಯಾಂಡ್ ಲಾಡ್ಜ್ ಬಂದದ್ದು 1961ರ ನವೆಂಬರ್ 24ರಂದು, ದೆಹಲಿಯಲ್ಲಿ. ರಾಂಪುರದ ನವಾಬ ಸೈಯದ್ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಕೆಲವು ಹಳೆಯ ಲಾಡ್ಜುಗಳು ಅದಕ್ಕೆ ಸೇರಿದವು, ಕೆಲವು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಅಡಿಯಲ್ಲೇ ಉಳಿದವು.

ಸಭೆ ಎಂದರೆ ಇಷ್ಟು: ಕ್ರಮಬದ್ಧವಾಗಿ ಲಾಡ್ಜ್ ತೆರೆಯುವುದು, ಹಿಂದಿನ ಸಭೆಯ ನಡಾವಳಿ ಓದುವುದು, ಹೊಸಬರ ಅರ್ಜಿಗೆ ಗುಪ್ತ ಮತದಾನ, ದೀಕ್ಷೆ ಇದ್ದರೆ ದೀಕ್ಷೆ, ದಾನದ ಸಂಗ್ರಹ, ಮುಕ್ತಾಯ, ಆಮೇಲೆ ಕೂಡಿ ಊಟ. ಮೂರು ದರ್ಜೆಗಳಿವೆ, ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ದೇವರಲ್ಲಿ ನಂಬಿಕೆ ಬೇಕು, ಆದರೆ ಯಾವ ದೇವರು ಎಂದು ಕೇಳುವುದಿಲ್ಲ. ಭಾರತದ ಲಾಡ್ಜುಗಳಲ್ಲಿ ಹಲವು ಧರ್ಮಗಳ ಗ್ರಂಥಗಳನ್ನು ಒಟ್ಟಿಗೇ ಇಡುವ ರೂಢಿ ಇದೆ. ಲಾಡ್ಜಿನೊಳಗೆ ಧರ್ಮದ ವಾದ, ರಾಜಕೀಯದ ಮಾತು ಎರಡಕ್ಕೂ ನಿಷೇಧ. ವರ್ಷಕ್ಕೊಮ್ಮೆ ಹೊಸ ಮಾಸ್ಟರ್‌ನ ಪದಗ್ರಹಣ; ಇಲ್ಲಿ ಮಾಸ್ಟರ್ ಎಂದರೆ ಲಾಡ್ಜಿನ ಮುಖ್ಯಸ್ಥ, ಮೂರನೆಯ ದರ್ಜೆಯಲ್ಲ. ಹೊರಗೆ ಕಾಣುವ ಕೆಲಸವೆಂದರೆ ದಾನ: ವಿದ್ಯಾರ್ಥಿವೇತನ, ಕಣ್ಣಿನ ಶಿಬಿರ, ಆಸ್ಪತ್ರೆ. ಕೊಯಮತ್ತೂರಿನ ಮೇಸನಿಕ್ ಮಕ್ಕಳ ಆಸ್ಪತ್ರೆ ಅಂಥದ್ದೇ ಒಂದು.

ನೆನಪಿನ ವಸ್ತುಗಳೆಲ್ಲ ಹುಟ್ಟುವುದು ಈ ಕೆಲಸಗಳಿಂದಲೇ. ಸುಮ್ಮನೆ ಚಂದಕ್ಕೆ ಮಾಡಿಸಿದ್ದು ಬಹಳ ಕಡಿಮೆ.

ಯಾವುದು ಲಾಡ್ಜಿನದು, ಯಾವುದು ಮನೆಯದು

ಮೊದಲು ಬಗೆಹರಿಸಬೇಕಾದ ಪ್ರಶ್ನೆ ಇದು. ಹಿರಿಯರು ತೀರಿಕೊಂಡ ಮನೆಗಳಲ್ಲಿ ಜಗಳವಾಗುವುದೂ ಇದರಿಂದಲೇ. ಕೊರಳಿಗೆ ಹಾಕುವ ಅಗಲವಾದ ಪಟ್ಟಿಯ ತುದಿಯಲ್ಲಿ ತೂಗುವ ಚಿಹ್ನೆ ಹುದ್ದೆಯದು. ಅದು ಲಾಡ್ಜಿನ ಆಸ್ತಿ, ಹುದ್ದೆ ಮುಗಿದ ದಿನ ಮುಂದಿನವರ ಕೊರಳಿಗೆ ಹೋಗಬೇಕು. ಎದೆಯ ಎಡಭಾಗಕ್ಕೆ ಪಿನ್ನಿನಿಂದ ಚುಚ್ಚಿಕೊಳ್ಳುವ ಸಣ್ಣ ಪದಕ ಸ್ವಂತದ್ದು. ಎರಡಕ್ಕೂ ಲಾಡ್ಜಿನವರು ‘ಜ್ಯುವೆಲ್’ ಎಂದೇ ಅನ್ನುತ್ತಾರೆ. ಹಾಗೆಂದು ಚಿನ್ನ, ಹರಳು ಇರಬೇಕಿಲ್ಲ. ಬಹುಪಾಲು ಬೆಳ್ಳಿ, ಗಿಲೀಟು ಅಥವಾ ಹಿತ್ತಾಳೆ.

ಹುದ್ದೆಯ ಚಿಹ್ನೆಗಳನ್ನು ಗುರುತಿಸುವುದು ಸುಲಭ. ಮೂಲೆಮಟ್ಟ ಮಾಸ್ಟರ್‌ನದು. ಅವರ ನಂತರದ ಇಬ್ಬರು ಅಧಿಕಾರಿಗಳಲ್ಲಿ ಮಟ್ಟಗೋಲು ಸೀನಿಯರ್ ವಾರ್ಡನ್‌ನದು, ತೂಗುಗುಂಡು ಜೂನಿಯರ್ ವಾರ್ಡನ್‌ನದು. ಖಜಾಂಚಿಗೆ ಕೀಲಿಕೈ, ಕಾರ್ಯದರ್ಶಿಗೆ ಅಡ್ಡಡ್ಡ ಇಟ್ಟ ಎರಡು ಲೇಖನಿ, ದಾನದ ಹೊಣೆ ಹೊತ್ತವರಿಗೆ ಕರಣೆ, ಹೊರಬಾಗಿಲು ಕಾಯುವ ಟೈಲರ್‌ಗೆ ಕತ್ತಿ, ಒಳಬಾಗಿಲಿನವರಿಗೆ ಅಡ್ಡಡ್ಡ ಎರಡು ಕತ್ತಿ. ಸಭೆಯಲ್ಲಿ ಸಂದೇಶ ಒಯ್ಯುವ ಡೀಕನ್‌ಗಳಿಗೆ ಕೊಕ್ಕಿನಲ್ಲಿ ಆಲಿವ್ ಟೊಂಗೆ ಹಿಡಿದ ಪಾರಿವಾಳ. ಇವು ಅಂಗೈಯಗಲ ಇದ್ದು ಬೆನ್ನಿನಲ್ಲಿ ವ್ಯಕ್ತಿಯ ಹೆಸರಿಲ್ಲದೆ ಲಾಡ್ಜಿನ ಹೆಸರು-ನಂಬರು ಮಾತ್ರ ಇದ್ದರೆ, ಹಿಂತಿರುಗಿಸಬೇಕಾದ ವಸ್ತು ಎಂದೇ ತಿಳಿಯಿರಿ.

ಸ್ವಂತದ ಪದಕಗಳಲ್ಲಿ ಹೆಚ್ಚು ಸಿಗುವುದು ಮಾಜಿ ಮಾಸ್ಟರ್‌ನದು. ಒಂದು ವರ್ಷ ಕುರ್ಚಿಯಲ್ಲಿ ಕುಳಿತು ಇಳಿಯುವಾಗ ಲಾಡ್ಜ್ ಕೊಡುವ ಕಾಣಿಕೆ ಇದು. ಇಂಗ್ಲಿಷ್ ಪದ್ಧತಿಯಲ್ಲಿ ಮೂಲೆಮಟ್ಟದ ಕೆಳಗೆ ಪುಟ್ಟ ತಗಡೊಂದು ತೂಗುತ್ತದೆ. ಅದರ ಮೇಲೆ ಮೂರು ಚೌಕಗಳು ಒಂದು ತ್ರಿಕೋನವನ್ನು ಸುತ್ತುವರಿದ ಚಿತ್ರ. ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯ ಎಂದು ಕಲಿತದ್ದೇ ಇದು, ಯೂಕ್ಲಿಡ್‌ನ ಮೊದಲ ಪುಸ್ತಕದ 47ನೇ ಪ್ರಮೇಯ. ಮೂಲೆ 90 ಡಿಗ್ರಿ ಇದೆಯೇ ಎಂದು ನಮ್ಮ ಗೌಂಡಿಗಳು ಪಾಯ ಹಾಕುವಾಗ 3-4-5 ಅಡಿ ದಾರ ಹಿಡಿದು ನೋಡುವುದೂ ಅದೇ ಲೆಕ್ಕ. ಈ ತಗಡನ್ನು ತಾಯಿತ ಎಂದುಕೊಂಡವರಿದ್ದಾರೆ.

ಸ್ಥಾಪಕರ ಪದಕ ಲಾಡ್ಜ್ ಹುಟ್ಟಿದಾಗ ಅರ್ಜಿಗೆ ಸಹಿ ಮಾಡಿದವರಿಗೆ ಮಾತ್ರ. ಶತಮಾನದ ಪದಕ ಬೇರೆ ಬಗೆ. ನೂರು ವರ್ಷ ಎಡೆಬಿಡದೆ ಸಭೆ ನಡೆದಿದೆ ಎಂದು ನಡಾವಳಿ ಪುಸ್ತಕಗಳಿಂದ ತೋರಿಸಿ ಗ್ರ್ಯಾಂಡ್ ಲಾಡ್ಜಿನಿಂದ ಅನುಮತಿ ಪಡೆದ ಮೇಲೆಯೇ ಸದಸ್ಯರು ಅದನ್ನು ಧರಿಸಬಹುದು. ನಡುವೆ ಹತ್ತು ವರ್ಷದ ಪುಸ್ತಕ ಗೆದ್ದಲು ತಿಂದಿದ್ದರೆ ಅರ್ಜಿ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ. ನಡಾವಳಿ ಪುಸ್ತಕವನ್ನು ಪದಕಕ್ಕಿಂತ ಜೋಪಾನ ಮಾಡಬೇಕು ಅನ್ನುವುದು ಅದಕ್ಕೇ.

ದಾನದ ಪದಕಗಳಲ್ಲಿ ಒಂದರ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಮಡಿದ ಮೇಸನ್ನರ ಸ್ಮರಣೆಗೆ ಲಂಡನ್ನಿನಲ್ಲಿ ಹೊಸ ಫ್ರೀಮೇಸನ್ಸ್ ಹಾಲ್ ಕಟ್ಟಲು ಹತ್ತು ಲಕ್ಷ ಪೌಂಡಿನ ನಿಧಿ ಎತ್ತುವ ನಿರ್ಧಾರವಾಯಿತು. ಕಟ್ಟಡ 1927ರಲ್ಲಿ ಶುರುವಾಗಿ 1933ರಲ್ಲಿ ಮುಗಿಯಿತು. ಹತ್ತು ಗಿನಿ (ಪೌಂಡಿಗಿಂತ ತುಸು ಹೆಚ್ಚಿನ ಹಳೆಯ ಲೆಕ್ಕ) ಕೊಟ್ಟವರಿಗೆ ಬೆಳ್ಳಿ ಪದಕ, ನೂರು ಗಿನಿ ಕೊಟ್ಟವರಿಗೆ ಚಿನ್ನದ್ದು. ಶಿಲುಬೆಯಾಕಾರ, ಎರಡು ತೋಳುಗಳ ತುದಿಯಲ್ಲಿ 1914, 1918, ನಡುವೆ ರೆಕ್ಕೆಯುಳ್ಳ ಆಕೃತಿಯೊಂದು ಮಂದಿರವನ್ನು ಎತ್ತಿ ಹಿಡಿದಿದೆ. ಇದನ್ನು ಯುದ್ಧಪದಕ ಎಂದು ತಪ್ಪು ತಿಳಿಯುವವರೇ ಬಹಳ. ‘ಅಜ್ಜ ಫ್ರಾನ್ಸಿನಲ್ಲಿ ಹೋರಾಡಿದ್ದ’ ಎಂಬ ಕುಟುಂಬಕಥೆ ಈ ಎರಡು ಇಸವಿಗಳಿಂದಲೇ ಹುಟ್ಟಿಬಿಡಬಹುದು. ಇಂಥ ಪದಕ 53 ಸಾವಿರಕ್ಕೂ ಹೆಚ್ಚು ಹಂಚಿಕೆಯಾಗಿದೆ; ಅಪರೂಪವಲ್ಲ, ಆದರೆ ಹೆಸರು ಕೆತ್ತಿದ್ದರೆ ಆ ಹೆಸರಿನಿಂದ ವ್ಯಕ್ತಿಯ ಲಾಡ್ಜಿನ ತನಕ ಹೋಗಬಹುದು.

ಸಭೆಯಲ್ಲಿ ಸದಸ್ಯರು ಸೊಂಟಕ್ಕೆ ಕಟ್ಟುವ ಏಪ್ರನ್ ನೋಡಿ ಪದ್ಧತಿ ಹೇಳಬಹುದು. ಮೇಲಿನ ಮಡಿಕೆ ತ್ರಿಕೋನವಾಗಿದ್ದರೆ ಇಂಗ್ಲಿಷ್, ಅರ್ಧಚಂದ್ರದಂತೆ ದುಂಡಗಿದ್ದರೆ ಸ್ಕಾಟಿಷ್. ಇಂಗ್ಲಿಷ್ ಏಪ್ರನ್ ಅಗಲ 14ರಿಂದ 16 ಇಂಚು, ಉದ್ದ 12ರಿಂದ 14 ಇಂಚು. ಅಂಚಿಲ್ಲದ ಬರೀ ಬಿಳಿ ಕುರಿಮರಿ ಚರ್ಮ ಮೊದಲ ದರ್ಜೆಯದು, ಎರಡು ನೀಲಿ ಹೂಗುಚ್ಛ ಎರಡನೆಯದು, ತೆಳುನೀಲಿ ಅಂಚು ಮತ್ತು ಮೂರು ಹೂಗುಚ್ಛ ಮೂರನೆಯದು. ಹೂಗುಚ್ಛದ ಜಾಗದಲ್ಲಿ ತಲೆಕೆಳಗಾದ ‘ಟಿ’ ಆಕಾರದ ಬೆಳ್ಳಿ ತುಂಡುಗಳಿದ್ದರೆ ಮಾಸ್ಟರ್ ಆದವರದು. ಸ್ಕಾಟಿಷ್ ಲಾಡ್ಜುಗಳು ಬಣ್ಣವನ್ನು ತಾವೇ ಆರಿಸಿಕೊಳ್ಳುತ್ತವೆ. ಹಸಿರೋ ಕೆಂಪೋ ಚೌಕಳಿಯೋ ಕಂಡರೆ ಬೆರಗಾಗಬೇಡಿ.

ಬೆನ್ನಿನ ಬರಹ ಬಿಡಿಸುವುದು

ಕೆತ್ತನೆ ಸಾಮಾನ್ಯವಾಗಿ ಇಂಗ್ಲಿಷಿನ ಸಂಕ್ಷೇಪಗಳಲ್ಲಿ ಇರುತ್ತದೆ. ‘ಡಬ್ಲ್ಯು. ಬ್ರೊ.’ ಎಂದರೆ ವರ್ಷಿಪ್‌ಫುಲ್ ಬ್ರದರ್, ಮಾಸ್ಟರ್ ಆದವರ ಗೌರವಪದ. ‘ಡಬ್ಲ್ಯು.ಎಂ.’ ಹಾಲಿ ಮಾಸ್ಟರ್, ‘ಪಿ.ಎಂ.’ ಮಾಜಿ ಮಾಸ್ಟರ್. ಲಾಡ್ಜಿನ ನಂಬರಿನ ಪಕ್ಕದ ಎರಡು ಅಕ್ಷರ ಬಹಳ ಮುಖ್ಯ: ‘ಇ.ಸಿ.’ ಇಂಗ್ಲಿಷ್, ‘ಎಸ್.ಸಿ.’ ಸ್ಕಾಟಿಷ್, ‘ಐ.ಸಿ.’ ಐರಿಷ್, ‘ಜಿ.ಎಲ್.ಐ.’ ಭಾರತದ್ದು. ಒಂದೇ ನಂಬರಿನ ಲಾಡ್ಜ್ ನಾಲ್ಕೂ ಕಡೆ ಇರಬಹುದು, ಆದ್ದರಿಂದ ಅಕ್ಷರ ಬಿಟ್ಟು ಬರೀ ನಂಬರ್ ಹಿಡಿದು ವಿಚಾರಿಸಿದರೆ ಬೇರೆ ಊರಿನ ಲಾಡ್ಜಿನಿಂದ ‘ಇವರು ನಮ್ಮವರಲ್ಲ’ ಎಂಬ ಉತ್ತರ ಬರುತ್ತದೆ.

ನಂಬರಿನಲ್ಲಿ ಇನ್ನೊಂದು ತೊಡಕಿದೆ. ಇಂಗ್ಲೆಂಡಿನ ಲಾಡ್ಜುಗಳಿಗೆ ಹಲವು ಸಲ ಮರುಸಂಖ್ಯೆ ಕೊಟ್ಟರು, ಕೊನೆಯದು 1863ರಲ್ಲಿ. ಅದಕ್ಕಿಂತ ಹಿಂದಿನ ವಸ್ತುವಿನ ನಂಬರನ್ನು ಇಂದಿನ ಪಟ್ಟಿಯಲ್ಲಿ ನೇರವಾಗಿ ಹುಡುಕಬಾರದು. ಹಾಗೆಯೇ 1961ರಲ್ಲಿ ಭಾರತದ ಗ್ರ್ಯಾಂಡ್ ಲಾಡ್ಜಿಗೆ ಸೇರಿದ ಲಾಡ್ಜುಗಳಿಗೂ ಹೊಸ ನಂಬರು ಬಂತು. ಒಂದೇ ಲಾಡ್ಜಿನ 1950ರ ಪದಕದಲ್ಲಿ ಒಂದು ಸಂಖ್ಯೆ, 1970ರದರಲ್ಲಿ ಇನ್ನೊಂದು ಕಂಡರೆ ಕೆತ್ತಿದವನ ತಪ್ಪಲ್ಲ.

ಇಸವಿ 5926 ಎಂದಿದ್ದರೆ? ‘ಎ.ಎಲ್.’ ಎಂಬ ಅಕ್ಷರ ಮುಂದಿರುತ್ತದೆ ನೋಡಿ. ಲಾಡ್ಜಿನ ವರ್ಷಗಣನೆ ಸಾಮಾನ್ಯ ಇಸವಿಗೆ 4000 ಕೂಡಿಸುತ್ತದೆ, ಅಂದರೆ ಅದು 1926. ರಾಯಲ್ ಆರ್ಚ್ ಎಂಬ ಮುಂದಿನ ಹಂತದ ವಸ್ತುಗಳಲ್ಲಿ ‘ಎ.ಐ.’ ಎಂದು ಬರೆದು 530 ಕೂಡಿಸುತ್ತಾರೆ. ಅಲ್ಲಿ 2456 ಎಂದರೂ ಅದೇ 1926.

ಲೋಹದ ಮುದ್ರೆ ಭೂತಗನ್ನಡಿಯಲ್ಲೇ ನೋಡಬೇಕು. ಇಂಗ್ಲೆಂಡಿನಲ್ಲಿ ಮಾಡಿದ ಬೆಳ್ಳಿಗೆ ನಡೆಯುತ್ತಿರುವ ಸಿಂಹ ಇದ್ದರೆ ಶೇ. 92.5 ಶುದ್ಧ. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಆಮೇಲೆ ಒಂಟಿ ಅಕ್ಷರ, ಅದು ಪರೀಕ್ಷೆಯಾದ ವರ್ಷದ ಗುರುತು. ಪ್ರತಿ ಪರೀಕ್ಷಾ ಕಚೇರಿಗೂ ಅಕ್ಷರಮಾಲೆ ಬೇರೆ ಬೇರೆ, ಹಾಗಾಗಿ ಊರಿನ ಗುರುತು ಮೊದಲು ನೋಡಿ, ವರ್ಷ ಆಮೇಲೆ. ಮುದ್ರೆಯ ವರ್ಷ 1912, ಕೆತ್ತಿದ ವರ್ಷ 1914 ಆದರೆ ಸಹಜ; ಸರಕು ಅಂಗಡಿಯಲ್ಲಿ ಎರಡು ವರ್ಷ ಕೂತಿರುತ್ತದೆ. ಮುದ್ರೆ 1930, ಕೆತ್ತನೆ 1914 ಆದರೆ ಏನೋ ಸರಿಯಿಲ್ಲ: ಒಂದೋ ಬದಲಿ ಪದಕ, ಒಂದೋ ನಂತರ ಕೆತ್ತಿದ್ದು. ಆನ್‌ಲೈನಿನಲ್ಲಿ ‘ಪುರಾತನ ಮೇಸನಿಕ್’ ಎಂದು ಮಾರುವ ತಲೆಬುರುಡೆಯ ಲಾಕೆಟ್ಟುಗಳಿಗೆ ಸಾಮಾನ್ಯವಾಗಿ ಲಾಡ್ಜಿನ ಹೆಸರಾಗಲಿ, ನಂಬರಾಗಲಿ, ಮುದ್ರೆಯಾಗಲಿ ಇರುವುದಿಲ್ಲ. ಅಷ್ಟು ಸಾಕು ಬಿಡಲಿಕ್ಕೆ.

ಹೊಸದು ಮಾಡಿಸುವಾಗ

ಬೆಳ್ಳಿಹಬ್ಬ, ಸುವರ್ಣಹಬ್ಬ ಬಂತೆಂದರೆ ಸಮಿತಿ ಕೂಡುತ್ತದೆ, ಯಾರೋ ಮೊಬೈಲಿನಲ್ಲಿ ಒಂದು ಚಿತ್ರ ಹುಡುಕಿ ಪತ್ತಾರರಿಗೋ ಮೊಮೆಂಟೊ ಅಂಗಡಿಯವರಿಗೋ ಕಳಿಸುತ್ತಾರೆ. ಮೊದಲ ತಪ್ಪು ಅಲ್ಲೇ. ನೆಟ್‌ನಲ್ಲಿ ಥಟ್ಟನೆ ಸಿಗುವುದು ಅಮೆರಿಕದ ಚಿಹ್ನೆ. ಮೂಲೆಮಟ್ಟ-ಕೈವಾರದ ನಡುವೆ ‘ಜಿ’ ಅಕ್ಷರ. ಬ್ರಿಟಿಷ್ ಪರಂಪರೆಯ ಲಾಡ್ಜುಗಳ ಚಿಹ್ನೆಯಲ್ಲಿ ಸಾಮಾನ್ಯವಾಗಿ ಅದಿಲ್ಲ. ಅಲ್ಲಿ ‘ಜಿ’ ಅಕ್ಷರ ಸಭಾಂಗಣದ ಚಾವಣಿಯಿಂದ ತೂಗುತ್ತದೆ. ನಿಮ್ಮ ಲಾಡ್ಜಿನ ಅನುಮತಿಪತ್ರದ ಮೇಲಿರುವ ಚಿಹ್ನೆಯನ್ನೇ ಕೊಡಿ. ಎರಡನೆಯ ತಪ್ಪು ಕೈವಾರದ ಮೊನೆಗಳದು. ಎರಡೂ ಮೊನೆ ಮೂಲೆಮಟ್ಟದ ಅಡಿಗೆ ಹೋದರೆ ಮೊದಲ ದರ್ಜೆ, ಒಂದು ಮೇಲೆ ಬಂದರೆ ಎರಡನೆಯದು, ಎರಡೂ ಮೇಲಿದ್ದರೆ ಮೂರನೆಯದು. ಡಿಸೈನರ್ ಕಣ್ಣಿಗೆ ಮೂರೂ ಒಂದೇ. ಲಾಡ್ಜಿನ ಪದಕಕ್ಕೆ ಎರಡೂ ಮೊನೆ ಮೇಲಿರುವ ಚಿತ್ರವೇ ಬೇಕು.

ಲೋಹದ ಪದಕಕ್ಕೆ 40ರಿಂದ 45 ಮಿಲಿಮೀಟರ್ ವ್ಯಾಸ, 3 ಮಿ.ಮೀ. ದಪ್ಪ ಹಿತ. ಅಚ್ಚಿನಿಂದ ಒತ್ತಿಸಿದ ಹಿತ್ತಾಳೆಯಲ್ಲಿ ಗೆರೆ ಚೂಪಾಗಿ ಬರುತ್ತದೆ. ಸತುವಿನ ಎರಕ ಅಗ್ಗ, ಆದರೆ ಅಕ್ಷರದ ಅಂಚು ಮೊಂಡಾಗುತ್ತದೆ. ಅಕ್ಷರದ ಎತ್ತರ ಒಂದೂವರೆ ಮಿ.ಮೀ.ಗಿಂತ ಕಡಿಮೆ ಮಾಡಬೇಡಿ. ಕನ್ನಡದಲ್ಲಿ ಬರೆಸುವುದಾದರೆ ಎರಡೂವರೆ ಬೇಕು, ಇಲ್ಲದಿದ್ದರೆ ಒತ್ತಕ್ಷರದ ಹೊಟ್ಟೆ ಲೇಪನದಲ್ಲಿ ಮುಚ್ಚಿಹೋಗಿ ‘ಹುಬ್ಬಳ್ಳಿ’ಯ ಬ-ಒತ್ತು, ಳ-ಒತ್ತು ಎರಡೂ ಒಂದೇ ಚುಕ್ಕೆಯಾಗುತ್ತವೆ. ಹಿತ್ತಾಳೆಯ ಮೇಲೆ ನೇರ ಚಿನ್ನದ ನೀರು ಕೊಡಿಸಿದರೆ ಎರಡು ಮಳೆಗಾಲದಲ್ಲಿ ಕಂದುಚುಕ್ಕೆ ಏಳುತ್ತದೆ, ಒಳಗಿನ ತಾಮ್ರ ಮೇಲಕ್ಕೆ ಬರುವುದರಿಂದ. ನಡುವೆ ನಿಕ್ಕಲ್ ಪದರ ಇರಲೇಬೇಕು. ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ. ಸದಸ್ಯರು 60 ಜನ ಇದ್ದರೆ 75 ಒತ್ತಿಸಿ: ಅತಿಥಿ ಲಾಡ್ಜುಗಳಿಗೆ, ತೀರಿಕೊಂಡವರ ಮನೆಗೆ, ದಾಖಲೆ ಪೆಟ್ಟಿಗೆಗೆ ಎರಡು. ಎರಡನೇ ಸಲ ಒತ್ತಿಸಹೋದರೆ ಅಚ್ಚು ಬಿರುಕು ಬಿಟ್ಟಿರಬಹುದು, ಅಥವಾ ಕಳೆದುಹೋಗಿರಬಹುದು.

ಅಂಚೆ ಇಲಾಖೆಯ ವಿಶೇಷ ಲಕೋಟೆ ಖರ್ಚಿಗೆ ಹೋಲಿಸಿದರೆ ಒಳ್ಳೆಯ ಆಯ್ಕೆ. ಆ ದಿನದ ವಿಶೇಷ ಮುದ್ರೆ ಬಿದ್ದ ಲಕೋಟೆಯಲ್ಲಿ ಊರು, ದಿನಾಂಕ, ಸಂದರ್ಭ ಮೂರೂ ತಾವಾಗಿಯೇ ದಾಖಲಾಗುತ್ತವೆ. ಉತ್ತರ ಕರ್ನಾಟಕ ವಲಯದ ಪೋಸ್ಟ್‌ಮಾಸ್ಟರ್ ಜನರಲ್ ಕಚೇರಿ ಧಾರವಾಡದಲ್ಲೇ ಇದೆ. ವಿಚಾರಣೆ ಅಲ್ಲಿಂದ ಶುರು ಮಾಡಬಹುದು. ಕಾರ್ಯಕ್ರಮಕ್ಕೆ ಕೆಲವು ತಿಂಗಳು ಮೊದಲೇ ಹೋಗಿ, ವಾರವಿದೆ ಎನ್ನುವಾಗ ಹೋದರೆ ಆಗದು.

ಸ್ಮರಣ ಸಂಚಿಕೆಗೆ ಮುದ್ರಣಕಾಶಿ ಗದಗ ಹತ್ತಿರವೇ ಇದೆ. ಪುಟ 16ರ ಗುಣಕದಲ್ಲಿ ಇರಲಿ, ಹೊಲಿದ ಹೊತ್ತಗೆಯೇ ಆಗಲಿ. ಬರೀ ಅಂಟಿನ ಬೈಂಡಿಂಗ್ ಬೇಸಿಗೆಯಲ್ಲಿ ಒಡೆದು ಹಾಳೆ ಉದುರುತ್ತದೆ. ಈ ಸಂಚಿಕೆಗಳಲ್ಲಿ ಮುಕ್ಕಾಲು ಜಾಗ ಟ್ರಾನ್ಸ್‌ಪೋರ್ಟ್ ಕಂಪನಿ, ಜವಳಿ ಅಂಗಡಿಗಳ ಶುಭಾಶಯವೇ ತಿನ್ನುತ್ತದೆ, ಇರಲಿ, ಅವರಿಲ್ಲದೆ ಮುದ್ರಣದ ಖರ್ಚು ಹುಟ್ಟದು. ಆದರೆ ಮಾಜಿ ಮಾಸ್ಟರ್‌ಗಳ ಪಟ್ಟಿಗೆ ಮಾತ್ರ ರಾಜಿ ಬೇಡ. ಅಧಿಕಾರದ ವರ್ಷ ಎರಡು ಇಸವಿಗಳಿಗೆ ಹರಡಿರುವುದರಿಂದ 1974-75 ಎಂದೇ ಬರೆಯಿರಿ. ಬರೀ 1974 ಎಂದರೆ ಮುಂದಿನವರ ಹೆಸರು ಒಂದು ಸಾಲು ಜಾರುತ್ತದೆ, ಕೊನೆಗೆ ಒಬ್ಬರು ಪಟ್ಟಿಯಿಂದಲೇ ಬಿದ್ದುಹೋಗುತ್ತಾರೆ. ಗೋಡೆಯ ಗೌರವಫಲಕದಿಂದ ನಕಲು ಮಾಡಬೇಡಿ, ನಡಾವಳಿಯಿಂದ ಮಾಡಿ. ಫಲಕ ಬರೆದವರೂ ಹಿಂದಿನ ಫಲಕದಿಂದಲೇ ನಕಲು ಮಾಡಿರುತ್ತಾರೆ. ಹಾಲಿ ಸದಸ್ಯರ ಹೆಸರು, ಫೋಟೊ ಹಾಕಲು ಅವರವರ ಒಪ್ಪಿಗೆ ಕೇಳಬೇಕು. ದೀಕ್ಷೆಯ ಸಂಜ್ಞೆ, ಗುರುತಿನ ಮಾತು ಅಚ್ಚಾಗಬಾರದು.

ಕಸೂತಿಯಲ್ಲಿ ಮೂಲೆಮಟ್ಟ

ಧಾರವಾಡದ ಸೀಮೆಯ ಲಾಡ್ಜಿಗೆ, ಅಥವಾ ಅತಿಥಿಯಾಗಿ ಬಂದವರಿಗೆ ಕೊಡಲು, ಗಾಜಿನ ಮೊಮೆಂಟೊಗಿಂತ ಕಸೂತಿಯ ಚೌಕಟ್ಟು ಸಾವಿರ ಪಾಲು ಮೇಲು. ಆದರೆ ಕಸೂತಿ ಎಳೆ ಎಣಿಸುವ ಕಲೆ, ಬಟ್ಟೆಯ ಮೇಲೆ ಗೆರೆ ಎಳೆದುಕೊಂಡು ಹೊಲಿಯುವುದಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಇಲ್ಲಿ ಬೇಕಾಗುವುದು ಮೊದಲೆರಡು. ಗವಂತಿ ಅಡ್ಡ, ಉದ್ದ, ಮೂಲೆಗೆ ಹೋಗುತ್ತದೆ. ಮುರ್ಗಿ ಮೆಟ್ಟಿಲಿನಂತೆ ಏರುತ್ತದೆ. ಎರಡೂ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ಬರುವಾಗ ಖಾಲಿ ತುಂಬುತ್ತವೆ. ಗಂಟು ಹಾಕುವಂತಿಲ್ಲ. ಎರಡೂ ಮಗ್ಗುಲು ಒಂದೇ ಥರ ಕಾಣಬೇಕು.

ಮೂಲೆಮಟ್ಟದ ಮೂಲೆ ಕೆಳಗಿದ್ದು ತೋಳುಗಳು ಎರಡೂ ಕಡೆ 45 ಡಿಗ್ರಿಗೆ ಏರುತ್ತವೆ. ಅಂದರೆ ಒಂದು ಅಡ್ಡ, ಒಂದು ಮೇಲೆ: ಗವಂತಿಗೆ ಹೇಳಿಮಾಡಿಸಿದ ಗೆರೆ. ತೊಂದರೆ ಕೈವಾರದ್ದು. ಅದನ್ನೂ 45ಕ್ಕೇ ಹಾಕಿದರೆ ಎರಡೂ ಸೇರಿ ಬರೀ ವಜ್ರಾಕೃತಿಯಾಗಿ ಯಾವುದು ಯಾವುದೆಂದೇ ತಿಳಿಯದು. ಕೈವಾರ ಸುಮಾರು 60 ಡಿಗ್ರಿ ತೆರೆದಂತೆ ಕಾಣಬೇಕಾದರೆ ಒಂದೊಂದು ಕಾಲಿಗೂ 4 ಅಡ್ಡ, 7 ಉದ್ದದ ಏರಿಕೆ ಕೊಡಿ. ಮುರ್ಗಿಯಲ್ಲಿ ಲೆಕ್ಕ ಹೀಗೆ: ಒಂದು ಅಡ್ಡ-ಎರಡು ಮೇಲೆ, ಮೂರು ಸಲ, ಆಮೇಲೆ ಒಂದು ಅಡ್ಡ-ಒಂದು ಮೇಲೆ. ಮತ್ತೆ ಮೊದಲಿನಿಂದ. ದೂರದಿಂದ ನೇರ ಕಾಲಿನಂತೆಯೇ ಕಾಣುತ್ತದೆ. ತಲೆಯ ದುಂಡು ಮಾತ್ರ ದುಂಡಗೆ ಬರುವುದಿಲ್ಲ, ಎಂಟು ಮೂಲೆ ಮಾಡಿ ಬಿಡಿ.

ಬಟ್ಟೆಯ ಪರೀಕ್ಷೆ ಬಿಟ್ಟರೆ ಕೆಲಸವೆಲ್ಲ ನೀರುಪಾಲು. ಒಂದು ಇಂಚು ಅಡ್ಡಕ್ಕೆ, ಒಂದು ಇಂಚು ಉದ್ದಕ್ಕೆ ಎಳೆ ಎಣಿಸಿ. ಎರಡೂ ಸಮ ಇರಬೇಕು. ಅಡ್ಡಕ್ಕೆ 28, ಉದ್ದಕ್ಕೆ 24 ಎಳೆ ಇರುವ ಬಟ್ಟೆಯಾದರೆ ಎಣಿಕೆ ಎಷ್ಟೇ ಸರಿಯಿದ್ದರೂ ಮೂಲೆಮಟ್ಟದ ಮೂಲೆ 90 ಬದಲು ಸುಮಾರು 81 ಡಿಗ್ರಿಗೆ ಕೂರುತ್ತದೆ. ಬೇರೆ ಯಾರ ಕಣ್ಣಿಗೆ ಬೀಳದಿದ್ದರೂ ಈ ಕಾಣಿಕೆ ಪಡೆಯುವವರ ಕಣ್ಣಿಗೆ ಅದೇ ಮೊದಲು ಬೀಳುವುದು. ಕೈನೂಲಿನ ಖಾದಿಯಲ್ಲಿ ಎಳೆ ದಪ್ಪ-ತೆಳು ಇರುವುದರಿಂದ ಇದೇ ತೊಂದರೆ. ಎರಡೂ ಕಡೆ ಎಳೆ ಸಮವಾಗಿ ನೇಯ್ದ ಮ್ಯಾಟಿ ಬಟ್ಟೆ ಸುರಕ್ಷಿತ. ರೇಷ್ಮೆಯಂತೆ ಎಳೆ ಎಣಿಸಲಾಗದ ಬಟ್ಟೆಯಾದರೆ ಮೇಲೆ ಜಾಳು ಬಟ್ಟೆ ಹೊಲಿದುಕೊಂಡು, ಕೆಲಸ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಹನ್ನೆರಡು ಇಂಚಿನ ಚೌಕಟ್ಟಿಗೆ ಬಟ್ಟೆ 16 ಇಂಚು ಕತ್ತರಿಸಿ, ನಾಲ್ಕೂ ಕಡೆ ಎರಡೆರಡು ಇಂಚು ಬಿಗಿಯಲು ಬೇಕು. ಆರೆಳೆಯ ನೂಲಿನಲ್ಲಿ ಎರಡೆಳೆ ಬಿಡಿಸಿಕೊಳ್ಳಿ. ಕಡುಗೆಂಪು, ಕಡುನೀಲಿಯನ್ನು ಮೊದಲು ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿ; ಬಣ್ಣ ಬಿಟ್ಟರೆ ಆ ನೂಲು ಬೇಡ. ಅಂಚಿಗೆ ಗೋಪುರ, ದೀಪ, ತುಳಸಿಕಟ್ಟೆ ಯಾವುದಾದರೂ ಒಪ್ಪುತ್ತದೆ, ಲಾಡ್ಜಿನ ಚಿತ್ರಗಳಲ್ಲಿ ಬರುವ ಎರಡು ಕಂಬಗಳ ಜಾಗಕ್ಕೆ ಗೋಪುರವೇ ಚಂದ. ಮೇಜಿನ ಮೇಲೆ ಎರಡೂ ಕಡೆಯಿಂದ ಕಾಣುವ ಬಾವುಟ ಮಾಡಿಸುವುದಾದರೆ ನಂಬರನ್ನು ಗವಂತಿಯಲ್ಲಿ ಹಾಕಿಸಬೇಡಿ: ಹೊಲಿಗೆ ಎರಡೂ ಕಡೆ ಒಂದೇ ಆಗಿದ್ದರೂ ಹಿಂದಿನಿಂದ ಅಂಕಿ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ನಂಬರಿಗೆ ಬೇರೆ ತುಂಡು ಮಾಡಿಸಿ ಒಂದೊಂದು ಮಗ್ಗುಲಿಗೂ ಹಚ್ಚಬೇಕು. ಹೊಲಿದವರ ಹೆಸರನ್ನು ಚೌಕಟ್ಟಿನ ಹಿಂದೆ ಬರೆದಿಡುವುದು ಯಾಕೋ ಯಾರಿಗೂ ನೆನಪಾಗುವುದಿಲ್ಲ, ಬರೆಯಿರಿ.

ಸನ್ಮಾನಕ್ಕೆ ಹಾವೇರಿಯ ಏಲಕ್ಕಿ ಹಾರ ಹಾಕುವುದು ನಮ್ಮ ಕಡೆ ದೊಡ್ಡ ಗೌರವ. ಪ್ಲಾಸ್ಟಿಕ್ ಚೀಲದಲ್ಲೇ ಬಿಟ್ಟರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ, ಗಾಜಿಗೆ ತಾಗದಂತೆ ಎರಡು ಇಂಚು ಆಳ ಬಿಟ್ಟು, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಿ.

ಜೋಪಾನ, ಮತ್ತು ಹೊರದೇಶಕ್ಕೆ ಕಳಿಸುವ ಮುನ್ನ

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ದಿನಪತ್ರಿಕೆ, ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಮೂರರಲ್ಲೂ ಅದಿದೆ. ನಮ್ಮ ಮನೆಗಳಲ್ಲಿ ಬೆಳ್ಳಿ ಸುತ್ತಿಡುವುದು ಈ ಮೂರರಲ್ಲೇ. ಒಗೆದ ಹತ್ತಿ ಬಟ್ಟೆ ಸಾಕು. ಹುಣಸೆಹಣ್ಣು, ಪೇಸ್ಟ್, ವಿಭೂತಿ ಹಚ್ಚಿ ಉಜ್ಜಿದರೆ ಗಿಲೀಟು ಹೋಗುತ್ತದೆ, ಮೀನಾಕಾರಿ ಮಂಕಾಗುತ್ತದೆ, ನೂರು ವರ್ಷದ ಕೆತ್ತನೆ ಎರಡು ದೀಪಾವಳಿಯಲ್ಲಿ ಸವೆಯುತ್ತದೆ. ತೆಳು ಕಪ್ಪು ಇದ್ದರೆ ಇರಲಿ. ರೇಷ್ಮೆ ಪಟ್ಟಿ ಹರಿದಿದ್ದರೂ ಬದಲಿಸಬೇಡಿ, ತೊಳೆಯಬೇಡಿ. ಅದರ ಬಣ್ಣ, ಮೇಲಿನ ಅಡ್ಡಪಟ್ಟಿಯ ಬರಹ ಪದಕದಷ್ಟೇ ಮಾತಾಡುತ್ತವೆ. ಏಪ್ರನ್ ಮಡಿಸಿದರೆ ಚರ್ಮ ಮಡಿಕೆಯಲ್ಲೇ ಬಿರಿಯುತ್ತದೆ, ಅಗಲವಾದ ಪೆಟ್ಟಿಗೆಯಲ್ಲಿ ಹಾಸಿ ಇಡಬೇಕು. ಲಕೋಟೆ, ಆಹ್ವಾನಪತ್ರಗಳಿಗೆ ಪಿ.ವಿ.ಸಿ. ಆಲ್ಬಮ್ ಬೇಡ, ಪ್ಲಾಸ್ಟಿಕ್ ಬೆವರಿ ಶಾಯಿ ಎದ್ದುಬರುತ್ತದೆ.

ಪದಕದ ಜೊತೆಗೆ ಸಿಕ್ಕ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಊಟದ ಪಟ್ಟಿ, ಸಭೆಯ ಕರೆ, ವರ್ಗಣಿ ರಸೀದಿ — ಬೆನ್ನಿನಲ್ಲಿ ಇರದ ಐದನೆಯ ವಿವರ ಬಹುಶಃ ಅಲ್ಲಿದೆ.

ಹೊರದೇಶದ ಸಂಗ್ರಾಹಕರಿಗೆ ಮಾರುವ ಯೋಚನೆ ಇದ್ದರೆ ಒಂದು ಕಾನೂನು ಗೊತ್ತಿರಲಿ. 1972ರ ಪ್ರಾಚೀನ ವಸ್ತುಗಳ ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ಕುಶಲವಸ್ತು ‘ಪ್ರಾಚೀನ ವಸ್ತು’ ಆಗಬಹುದು. ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷವೇ ಸಾಕು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನೂರು ವರ್ಷ ದಾಟಿದ ಪದಕವಾಗಲಿ, 75 ವರ್ಷ ದಾಟಿದ ಕೈಬರಹದ ನಡಾವಳಿಯಾಗಲಿ ಕೊರಿಯರ್‌ಗೆ ಕೊಡುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ಕೇಳಿ. ಧಾರವಾಡದಲ್ಲಿ ಅದರ ವೃತ್ತ ಕಚೇರಿಯೇ ಇದೆ.